ಊರಿನ ಕಲ್ಲು ಊರಲ್ಲೇ ಇರಲಿ



ಚಂದಾಪುರದ ಮಾಸ್ತರರೊಬ್ಬರು ಮಕ್ಕಳಿಗೆ ಹಳೆಯ ಕಾಲದ ಕಲ್ಲು, ನಾಣ್ಯ, ಮೂರ್ತಿ ತೋರಿಸಬೇಕೆಂದು ಮನಸ್ಸು ಮಾಡಿದರೆ ಹಿಡಿಯುವುದು ಕಲಬುರಗಿಯ ಬಸ್ಸನ್ನೇ. ಅಲ್ಲಿ ಸೇಡಂ ರಸ್ತೆಯಲ್ಲಿ ಹಳೆಯ ಎರಡು ಗುಮ್ಮಟಗಳ ಒಳಗೆ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಆ ಕಟ್ಟಡವೇ ಒಂದು ಸ್ಮಾರಕ. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ, ಸಾಲಾಗಿ ಹೊರಗೆ ಬರುತ್ತಾರೆ. ಸಂಜೆ ಮನೆಗೆ ಬಂದಾಗ ಅಜ್ಜಿ ಕೇಳುತ್ತಾಳೆ, ‘ಏನ್ ನೋಡಿ ಬಂದ್ಯೋ?’ ಹುಡುಗ ಹೇಳುತ್ತಾನೆ, ‘ಕಲ್ಲು ನೋಡ್ದೆ.’ ಅಂಥ ಕಲ್ಲು ತನ್ನ ಹನುಮಪ್ಪನ ಗುಡಿಯ ಕಟ್ಟೆಗೂ ಒರಗಿ ನಿಂತಿದೆ ಎಂಬುದು ಅವನಿಗೆ ಗೊತ್ತಿಲ್ಲ. ಅಜ್ಜಿಗೆ ಗೊತ್ತಿದೆ. ಆದರೆ ಅದೂ ಇತಿಹಾಸ ಎಂದು ಅವಳಿಗೆ ಯಾರೂ ಹೇಳಿಲ್ಲ.

ಇವತ್ತಿನ ನನ್ನ ಮಾತು ಈ ಅಜ್ಜಿ ಮತ್ತು ಹುಡುಗನ ನಡುವಿನ ಖಾಲಿ ಜಾಗದ ಬಗ್ಗೆ. ನಮ್ಮ ಭಾಗದ ಸಣ್ಣ ಊರುಗಳಿಗೆ ಸ್ವಂತದ್ದೊಂದು ಮ್ಯೂಸಿಯಂ ಬೇಕು ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮ್ಯೂಸಿಯಂ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕಟ್ಟಡ, ಕಂಪೌಂಡು, ಶಿಲಾನ್ಯಾಸದ ಫಲಕ. ಕಟ್ಟಡ ಕೊನೆಗೆ ಬರಲಿ. ಮೊದಲು ಬೇಕಾದದ್ದು ಒಂದು ದಪ್ಪ ವಹಿ: ಯಾವ ಊರಲ್ಲಿ ಏನಿದೆ, ಎಲ್ಲಿದೆ, ಯಾರು ನೋಡಿಕೊಳ್ಳುತ್ತಿದ್ದಾರೆ, ಅದರ ಬಗ್ಗೆ ಹಿರೀಕರು ಏನು ಹೇಳುತ್ತಾರೆ ಎಂದು ಬರೆದಿಡುವ ವಹಿ. ಕಲ್ಲುಗಳು ಇದ್ದಲ್ಲೇ ಇರಲಿ. ಹೀಗೇಕೆ ಅನ್ನುತ್ತೇನೆಂದರೆ, ನಮ್ಮ ಸೀಮೆಯ ಇತಿಹಾಸ ಉಳಿದು ಬಂದಿರುವ ರೀತಿಯೇ ಬೇರೆ.

ಚಂದಾಪುರ ಮತ್ತು ಚಿಂಚೋಳಿ ಅವಳಿ ಊರುಗಳು. ಮಧ್ಯೆ ಮುಲ್ಲಾಮಾರಿ ಹರಿಯುತ್ತದೆ. ಮಳೆಗಾಲದಲ್ಲಿ ಅದು ಉಕ್ಕಿ ಬಂದಾಗ ಸೇತುವೆಯ ಆಚೆ ಈಚೆ ನಿಂತು ನೋಡುವವರಿಗೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂಬ ಯೋಚನೆ ಬರುವುದು ಕಡಿಮೆ. ಅದು ಕಾಗಿಣಾ ಸೇರುತ್ತದೆ. ಕಾಗಿಣಾ ಮಳಖೇಡದ ಕೋಟೆಯ ಬುಡ ತೊಳೆದು, ಚಿತ್ತಾಪುರ ಸೀಮೆ ದಾಟಿ, ಶಹಾಬಾದಿನ ಫರಸಿ ಕಲ್ಲಿನ ನೆಲದ ಮೇಲೆ ಹರಿದು ಭೀಮಾ ಸೇರುತ್ತದೆ. ಭೀಮಾ ಮುಂದೆ ಸನ್ನತಿಯ ಚಂದ್ರಲಾಂಬೆಯ ಗುಡಿಯ ಹತ್ತಿರ ಹಾದುಹೋಗುತ್ತದೆ. ಚಂದಾಪುರದಲ್ಲಿ ಇಳಿದ ನೀರು ಅಶೋಕನ ಶಾಸನದ ಊರಿಗೆ ಹೋಗಿ ಮುಟ್ಟುತ್ತದೆ ಎಂದಾಯಿತು. ನಮ್ಮ ಈ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಲು ತಾಲ್ಲೂಕಿನ ಗಡಿಗಿಂತ ಈ ನೀರಿನ ದಾರಿಯೇ ಮೇಲು. ಗಡಿಗಳಂತೂ ಆಗಾಗ ಬದಲಾಗುತ್ತವೆ.

ಸನ್ನತಿಯ ಮಾತಿನಿಂದಲೇ ಶುರು ಮಾಡೋಣ. ಅಲ್ಲಿ ಹಳೆಯ ಅವಶೇಷಗಳಿವೆ ಎಂದು 1954ರಲ್ಲೇ ಕಪಟರಾಳ ಕೃಷ್ಣರಾಯರು ವಿದ್ವಾಂಸರ ಗಮನಕ್ಕೆ ತಂದಿದ್ದರು. ಊರವರಿಗೆ ಅದು ಚಂದ್ರಲಾ ಪರಮೇಶ್ವರಿಯ ಕ್ಷೇತ್ರ. ದೂರದ ಮಹಾರಾಷ್ಟ್ರದಿಂದಲೂ ಒಕ್ಕಲುಗಳು ಬರುವ ಜಾಗ. 1980ರ ದಶಕದಲ್ಲಿ ಆ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು, ಮೂರ್ತಿ ಒಡೆಯಿತು. ಕಲ್ಲುಮಣ್ಣು ತೆಗೆದು ನೋಡಿದರೆ, ಕಾಳಿ ನಿಂತಿದ್ದ ಪೀಠದ ಕಲ್ಲಿನ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ. ಪ್ರಾಕೃತ ಭಾಷೆಯ ಅಶೋಕನ ಶಾಸನ! ಮೂರ್ತಿಯ ಬುಡ ಕೂರಿಸಲೆಂದು ಯಾವುದೋ ಕಾಲದ ಕಲ್ಲುಕುಟಿಗ ನಡುವೆ ಒಂದು ತೂತು ಕೊರೆದಿದ್ದ. ಆ ತೂತಿನ ಜಾಗದ ಅಕ್ಷರಗಳು ಹೋಗಿವೆ. ಉಳಿದವು ಉಳಿದಿವೆ.

ಆ ಕಲ್ಲಿನಲ್ಲಿ ಇರುವುದು ಅಶೋಕನ ಪ್ರಧಾನ ಶಾಸನಗಳಲ್ಲಿ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು. ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದಕ್ಕೆ ಮೊದಲು ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಕಳಿಂಗದ ಯುದ್ಧ ನಡೆದ ನೆಲ ಅದು. ಗೆದ್ದ ನಾಡಿನ ಜನರನ್ನು ಮಕ್ಕಳಂತೆ ನೋಡಿಕೊಳ್ಳಬೇಕು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು ಎಂದು ತನ್ನ ಅಧಿಕಾರಿಗಳಿಗೆ ದೊರೆ ಕೊಟ್ಟ ತಾಕೀತು ಅದು. ಅದೇ ತಾಕೀತು ಭೀಮಾತೀರಕ್ಕೂ ಏಕೆ ಬಂತು ಎಂಬುದು ಇತಿಹಾಸಕಾರರು ಇನ್ನೂ ಚರ್ಚಿಸುವ ವಿಷಯ. ಹನ್ನೆರಡನೆಯ ಶಾಸನದ ಮಾತಂತೂ ಇನ್ನೂ ಸ್ವಾರಸ್ಯದ್ದು. ತನ್ನ ಪಂಥವನ್ನು ಹೊಗಳಲು ಹೋಗಿ ಪರರ ಪಂಥವನ್ನು ಹಳಿಯಬೇಡಿ ಎಂಬುದು ಅದರ ತಿರುಳು. ಆ ಮಾತು ಕೆತ್ತಿದ ಕಲ್ಲಿನ ಮೇಲೆ ಶತಮಾನಗಳ ಕಾಲ ಕಾಳಿ ನಿಂತಿದ್ದಳು, ಕೆಳಗಿನ ಅಕ್ಷರ ಓದಲು ಬಾರದ ಜನ ಅವಳಿಗೆ ಕಾಯಿ ಒಡೆದರು.

ಓದು ಬಾರದ ಜನ ಶಾಸನ ಹಾಳು ಮಾಡಿದರು ಎಂದು ಸುಲಭವಾಗಿ ಹೇಳಿಬಿಡಬಹುದು. ನಾನು ಹಾಗೆ ಹೇಳುವುದಿಲ್ಲ. ಆ ಕಲ್ಲು ಪೀಠವಾಗದಿದ್ದರೆ ಏನಾಗುತ್ತಿತ್ತು? ನಮ್ಮ ಸೀಮೆಯಲ್ಲಿ ಚಪ್ಪಟೆ ಸುಣ್ಣಕಲ್ಲಿನ ಗತಿ ನಮಗೆ ಗೊತ್ತು. ಅದು ಬಚ್ಚಲ ಹಾಸು ಆಗುತ್ತಿತ್ತು, ಮಾಳಿಗೆಗೆ ಏರುತ್ತಿತ್ತು, ಸುಣ್ಣದ ಭಟ್ಟಿಗೆ ಬೀಳುತ್ತಿತ್ತು. ದೇವರ ಕೆಳಗೆ ಸೇರಿದ್ದರಿಂದ ಅದನ್ನು ಯಾರೂ ಮುಟ್ಟಲಿಲ್ಲ. ಒಂದು ತೂತಿನಷ್ಟು ನಷ್ಟ, ಮಿಕ್ಕಿದ್ದೆಲ್ಲ ಲಾಭ. ನಮ್ಮ ಕಡೆ ಪೂಜೆಯೇ ಬಹುಕಾಲ ಪುರಾತತ್ವ ಇಲಾಖೆಯ ಕೆಲಸ ಮಾಡಿದೆ.

ಸನ್ನತಿಗೆ ಹೊಂದಿಕೊಂಡಂತಿರುವ ಕನಗನಹಳ್ಳಿಯ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ 1990ರ ದಶಕದ ನಡುವಿನಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ದಿಬ್ಬವೊಂದನ್ನು ಅಗೆಯಿತು. ಒಳಗಿದ್ದದ್ದು ಬಹು ದೊಡ್ಡ ಬೌದ್ಧ ಸ್ತೂಪ. ಶಾಸನಗಳು ಅದನ್ನು ಅಧೋಲೋಕ ಮಹಾಚೈತ್ಯ ಎಂದು ಕರೆಯುತ್ತವೆ. ಬುದ್ಧನ ಕಥೆಗಳು, ಜಾತಕ ಕಥೆಗಳು, ಶಾತವಾಹನ ದೊರೆಗಳು, ದಾನ ಕೊಟ್ಟ ವರ್ತಕರು, ಭಿಕ್ಷುಗಳು, ಭಿಕ್ಷುಣಿಯರು, ಎಲ್ಲರೂ ನಮ್ಮ ಫರಸಿ ಕಲ್ಲಿನ ಬಂಧುವಾದ ಸುಣ್ಣಕಲ್ಲಿನ ಮೇಲೆ ಬಂದರು. ಒಂದು ಫಲಕದಲ್ಲಿ ಛತ್ರದ ಕೆಳಗೆ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಚಾಮರ ಹಿಡಿದ ಪರಿವಾರ. ಅದರ ಮೇಲೆ ಎರಡೇ ಶಬ್ದ: ‘ರಾಯ ಅಸೋಕೋ.’ ಮಸ್ಕಿಯ ಶಾಸನ 1915ರಲ್ಲಿ ಅಶೋಕನ ಹೆಸರು ಕೊಟ್ಟಿತ್ತು. ಹೆಸರು ಬರೆದ ಅವನ ಚಿತ್ರ ಕೊಟ್ಟದ್ದು ಕನಗನಹಳ್ಳಿ. ಅವನು ತೀರಿ ಸುಮಾರು ಮೂರು ಶತಮಾನ ಕಳೆದ ಮೇಲೆ ಕೆತ್ತಿದ ಚಿತ್ರ ಎಂದು ಅಂದಾಜು, ಹಾಗಾಗಿ ಮುಖ ಅವನದೇ ಎನ್ನಲಾಗದು. ಆದರೂ ಅಶೋಕ ಎಂದು ಹೆಸರು ಬರೆದು ಕೆತ್ತಿದ ಇಷ್ಟು ಹಳೆಯ ಮೂರ್ತಿ ಬೇರೆಲ್ಲೂ ಇಲ್ಲ ಎಂಬ ಮಾತು ನಿಂತಿದೆ.

ಇಷ್ಟು ದೊಡ್ಡ ಸಂಪತ್ತು ಹೊರಬಂದ ಮೇಲೆ ಆದದ್ದೇನು? ಫಲಕಗಳು ವರ್ಷಗಟ್ಟಲೆ ತಗಡಿನ ಚಪ್ಪರದ ಕೆಳಗೆ, ಕೆಲವು ಬಯಲಲ್ಲೇ ಮಲಗಿದವು. ನಮ್ಮ ಭಾಗದ ಬೇಸಿಗೆ ನಿಮಗೆ ಗೊತ್ತು. ಸುಣ್ಣಕಲ್ಲು ಪದರು ಪದರಾಗಿ ಏಳುವ ಕಲ್ಲು ಎಂಬುದೂ ಗೊತ್ತು. ಈಚಿನ ವರ್ಷಗಳಲ್ಲಿ ಇಲಾಖೆ ಸ್ತೂಪವನ್ನು ಮತ್ತೆ ನಿಲ್ಲಿಸುವ, ಫಲಕಗಳನ್ನು ಜೋಡಿಸುವ ಕೆಲಸ ಕೈಗೆತ್ತಿಕೊಂಡಿದೆ. ಸಂತೋಷ. ಆದರೂ ಒಂದು ಮಾತು ಹೇಳಲೇಬೇಕು. ಪೂಜೆಯಲ್ಲಿದ್ದ ಕಲ್ಲು ಶತಮಾನಗಳ ಕಾಲ ಕಾಯ್ದುಕೊಂಡಿತು; ಅಗೆದು ತೆಗೆದ ಕಲ್ಲಿಗೆ ಇಪ್ಪತ್ತು ವರ್ಷದ ಕಾವಲು ಕೊಡುವುದೂ ನಮಗೆ ಕಷ್ಟವಾಯಿತು. ನೋಡಿಕೊಳ್ಳುವವರನ್ನು ಗೊತ್ತು ಮಾಡದೆ ಏನನ್ನೂ ಇದ್ದ ಜಾಗದಿಂದ ಎತ್ತಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಮಳಖೇಡ. ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಏಕೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ, ಶ್ರೀವಿಜಯನ ಕವಿರಾಜಮಾರ್ಗ ಶಾಲೆಯ ಪುಸ್ತಕದಲ್ಲೇ ಬಂದಿವೆ. ಅರಬ್ಬೀ ಪ್ರವಾಸಿಗಳು ಒಂಬತ್ತನೆಯ ಶತಮಾನದಲ್ಲಿ ಈ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ಅರಸರ ಸಾಲಿಗೆ ಸೇರಿಸಿದ್ದೂ ಗೊತ್ತಿರುವ ಸಂಗತಿ. ಪುಸ್ತಕದಲ್ಲಿ ಅಷ್ಟಾಗಿ ಬಾರದ ಒಂದು ಸಂಗತಿ ಮಾತ್ರ ಹೇಳುತ್ತೇನೆ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಅದೇ ಹೊತ್ತಿಗೆ ಧಾರಾನಗರದಲ್ಲಿ ಧನಪಾಲನೆಂಬ ಪಂಡಿತ ತನ್ನ ತಂಗಿಗಾಗಿ ಒಂದು ಪ್ರಾಕೃತ ನಿಘಂಟು ಬರೆಯುತ್ತಿದ್ದ. ಪುಸ್ತಕದ ಕೊನೆಗೆ ಕಾಲ ಹೇಳುವಾಗ, ಮಾಳವದವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷ ಇದು ಎಂದು ಬರೆದಿಟ್ಟ. ನಮ್ಮ ಊರಿನ ಸುಡುಗಾಲದ ತಾರೀಖು ಉಳಿದದ್ದು ಬೇರೆ ಊರಿನ ಅಣ್ಣನೊಬ್ಬ ತಂಗಿಗೆ ಬರೆದ ನಿಘಂಟಿನಲ್ಲಿ! ಬರೆದಿಟ್ಟವರಿಗೆ ಇರುವ ಬಲ ಇದು. ಕೋಟೆ ಬಿದ್ದರೂ ಒಂದು ಸಾಲು ಬೀಳುವುದಿಲ್ಲ.

ಮಳಖೇಡದಲ್ಲಿ ಇವತ್ತು ನಿಂತಿರುವ ಕೋಟೆಯಲ್ಲಿ ನಂತರದ ಕಾಲದ ಕೆಲಸವೂ ಸೇರಿದೆ. ಹುಡೇವು ಹತ್ತಿ ನೋಡಿದರೆ ಒಳಗೆ ಈಗಲೂ ಮನೆಗಳಿವೆ, ದನಕರುಗಳಿವೆ. ನೇಮಿನಾಥ ಬಸದಿಯಲ್ಲಿ ಲೋಹದ ಒಂದು ಪುಟ್ಟ ಬಸದಿಯಿದೆ. ಅದರ ಮೈತುಂಬ ಜಿನಬಿಂಬಗಳು. ಬೇರೆ ದೇಶವಾಗಿದ್ದರೆ ಗಾಜಿನ ಪೆಟ್ಟಿಗೆಯೊಳಗೆ ಸೇರಿ ಪಿಸ್ತೂಲು ಹಿಡಿದ ಕಾವಲುಗಾರ ನಿಲ್ಲುತ್ತಿದ್ದ. ಇಲ್ಲಿ ಅದಕ್ಕೆ ನಿತ್ಯ ಪೂಜೆ. ಕಾಗಿಣಾ ದಂಡೆಯ ಉತ್ತರಾದಿ ಮಠದಲ್ಲಿ ಅಕ್ಷೋಭ್ಯತೀರ್ಥರ ವೃಂದಾವನಕ್ಕೆ ಭಕ್ತರು ಬರುತ್ತಾರೆ, ಹೊಳೆ ತುಂಬಿದ ದಿನ ಮಠದೊಳಗೂ ನೀರು ಬರುತ್ತದೆ. ಜೈನರು, ಮಾಧ್ವರು, ದರ್ಗಾಕ್ಕೆ ನಡೆದುಕೊಳ್ಳುವವರು, ಕೋಟೆಯೊಳಗೇ ಹುಟ್ಟಿ ಬೆಳೆದವರು, ಇವರೆಲ್ಲರೂ ತಮ್ಮ ತಮ್ಮ ಪಾಲನ್ನು ಕಾದಿದ್ದಾರೆ. ಇವರನ್ನು ಬಿಟ್ಟು ಮಳಖೇಡದ ಮ್ಯೂಸಿಯಂ ಕಟ್ಟುತ್ತೇನೆಂದರೆ ಅದು ಕೇವಲ ಗೋದಾಮು ಆಗುತ್ತದೆ.

ಚಿತ್ತಾಪುರದ ಪಕ್ಕದ ನಾಗಾವಿಗೆ ಬನ್ನಿ. ನಾಗಾವಿ ಯಲ್ಲಮ್ಮನ ಜಾತ್ರೆಗೆ ಹೋದವರು ಸಾವಿರಾರು ಜನ ಇದ್ದೀರಿ. ಗುಡಿಯ ಸುತ್ತಲಿನ ಬಯಲಲ್ಲಿ ಅರವತ್ತು ಕಂಬದ ಗುಡಿ ನೋಡಿದವರೂ ಇದ್ದೀರಿ. ಈ ನಾಗಾವಿ ಹನ್ನೊಂದನೆಯ ಶತಮಾನದಲ್ಲಿ ಒಂದು ಘಟಿಕಾಸ್ಥಾನ. ಇವತ್ತಿನ ಮಾತಿನಲ್ಲಿ ವಿಶ್ವವಿದ್ಯಾಲಯ ಅನ್ನಿ. ಕಲ್ಯಾಣ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲನ ದಂಡನಾಯಕ ಮಧುಸೂದನ ಎಂಬವನು ಇದಕ್ಕೆ ದತ್ತಿ ಬಿಟ್ಟ. 1058ರ ಶಾಸನ ಅದರ ಲೆಕ್ಕವನ್ನೆಲ್ಲ ಹೇಳುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು. ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಅವರ ಜೀವನಕ್ಕೂ ಭೂಮಿ ಬಿಟ್ಟಿದ್ದರು.

ಆರು ಜನ! ಓಲೆಗರಿಗೆ ಗೆದ್ದಲು ಹಿಡಿಯದಂತೆ ಎಣ್ಣೆ ಹಚ್ಚುವುದು, ಕಟ್ಟು ಬಿಚ್ಚಿ ಬಿಸಿಲಿಗೆ ತೋರಿಸುವುದು, ಸವೆದ ಗ್ರಂಥವನ್ನು ಮರುಪ್ರತಿ ಮಾಡಿಸುವುದು ಸಣ್ಣ ಕೆಲಸವಲ್ಲ ಎಂದು ಆ ಕಾಲದವರಿಗೆ ಗೊತ್ತಿತ್ತು. ಪುಸ್ತಕ ಕೊಂಡರೆ ಸಾಲದು, ಅದನ್ನು ಕಾಯುವವನಿಗೆ ಹೊಟ್ಟೆಗೆ ಹಾಕಬೇಕು ಎಂಬ ಲೆಕ್ಕಾಚಾರ ದಂಡು ನಡೆಸುವ ಮನುಷ್ಯನಿಗೂ ಹೊಳೆದಿತ್ತು. ಈ ಶಾಸನಗಳು ನಮಗೆ ಓದಲು ಸಿಕ್ಕಿದ್ದು ಹೇಗೆ? ನಿಜಾಮ ಸರ್ಕಾರ 1914ರಲ್ಲಿ ಗುಲಾಂ ಯಜ್ದಾನಿಯವರ ಕೈಗೆ ಪುರಾತತ್ವ ಇಲಾಖೆಯನ್ನು ಕೊಟ್ಟಿತು. ಆ ಇಲಾಖೆ ನಾಗಾವಿಯ ಶಾಸನಗಳನ್ನೇ ಒಂದು ಪುಸ್ತಕವಾಗಿ 1928ರಲ್ಲಿ ಅಚ್ಚು ಹಾಕಿಸಿತು. ಮುಂದೆ ಪಿ.ಬಿ. ದೇಸಾಯಿಯವರು ಸೇಡಂ, ಮಳಖೇಡ, ಅಡಕಿ ಮುಂತಾದ ಊರುಗಳ ಜೈನ ಶಾಸನಗಳನ್ನು ಹುಡುಕಿ 1957ರಲ್ಲಿ ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಬಂದವು. ವಿದ್ವಾಂಸರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಆದರೆ ಆ ಪುಸ್ತಕಗಳು ಇರುವುದು ಯಾವ ಊರಿನ ಕಪಾಟಿನಲ್ಲಿ? ನಾಗಾವಿಯ ಶಾಸನದ ಪಾಠ ಚಿತ್ತಾಪುರದ ಪ್ರತಿ ಪ್ರೌಢಶಾಲೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇರಬೇಕಿತ್ತು. ಇದಕ್ಕೆ ಬೇಕಾದದ್ದು ಕೋಟಿ ರೂಪಾಯಿ ಅಲ್ಲ, ಒಂದು ಡಬ್ಬಿ ಬಣ್ಣ ಮತ್ತು ಅಕ್ಷರ ಬರೆಯುವ ಒಬ್ಬ ಪೇಂಟರ್.

ಇಲ್ಲಿಯವರೆಗೆ ರಾಜರ ಮಾತಾಯಿತು. ನಮ್ಮ ಸೀಮೆಯ ಇನ್ನೊಂದು ಇತಿಹಾಸ ಶಾಸನದಲ್ಲಿಲ್ಲ, ಕಲ್ಲಿನಲ್ಲೇ ಇದೆ. ಶಹಾಬಾದ್ ಫರಸಿ ಎಂದರೆ ಮುಂಬಯಿ, ಪುಣೆ, ಹೈದರಾಬಾದಿನ ಹಳೆಯ ಮನೆಗಳಲ್ಲಿ ಇವತ್ತಿಗೂ ಗುರುತು ಹಿಡಿಯುತ್ತಾರೆ. ಅಡುಗೆಮನೆಯ ಕಟ್ಟೆ, ಬಚ್ಚಲು, ಪಡಸಾಲೆ, ಮಾಳಿಗೆ, ಎಲ್ಲಕ್ಕೂ ಅದೇ ಕಲ್ಲು. ಭೂಮಿಯೊಳಗೆ ಪದರ ಪದರವಾಗಿ ಕೂತ ಈ ಕಲ್ಲನ್ನು ಖಣಿಯಲ್ಲಿ ಉಳಿ, ಸುತ್ತಿಗೆ, ಹಾರೆ ಹಿಡಿದು ಎಬ್ಬಿಸುತ್ತಿದ್ದವರ ಕೈಚಳಕ ದೊಡ್ಡದು. ಸುತ್ತಿಗೆಯಿಂದ ತಟ್ಟಿ ದನಿ ಕೇಳಿ, ಈ ಹಲಗೆ ಇಡಿಯಾಗಿ ಬರುತ್ತದೋ ನಡುವೆ ಬಿರಿಯುತ್ತದೋ ಎಂದು ಹೇಳುವ ಕಿವಿ ಅವರದು. ಯಂತ್ರ ಬಂದ ಮೇಲೆ ಆ ಕಿವಿಗೆ ಕೆಲಸ ಕಡಿಮೆಯಾಯಿತು. ಅದೇ ಸುಣ್ಣಕಲ್ಲು ಸಿಮೆಂಟಿನ ಕಚ್ಚಾವಸ್ತು. ಹೀಗಾಗಿ ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಒಂದಾಗಿ ಎಸಿಸಿ ಆದಾಗ ಅದರೊಳಗೆ ಸೇರಿತು. ಆಮೇಲೆ ವಾಡಿ, ಮಳಖೇಡ ರೋಡ್, ಸೇಡಂ, ಇಟಗಾ ಕಡೆಗಳಲ್ಲೆಲ್ಲ ಚಿಮಣಿಗಳು ಎದ್ದವು. ರಾಷ್ಟ್ರಕೂಟರ ರಾಜಧಾನಿಯ ಪಕ್ಕದಲ್ಲೇ ಸಿಮೆಂಟಿನ ಧೂಳು. ಇದನ್ನು ಬರೀ ದುಃಖದ ಮಾತಾಗಿ ಹೇಳುವವರಿದ್ದಾರೆ. ನನಗೆ ಆ ಚಿಮಣಿಯೂ ಪರಂಪರೆಯ ಪಾಲೇ. ಮೂರು ಪಾಳಿಯಲ್ಲಿ ಭೋಂಗಾ ಕೇಳಿ ಎದ್ದು ಮಲಗಿದ ಊರುಗಳ ನೆನಪನ್ನೂ ಯಾರಾದರೂ ಕೂಡಿಡಬೇಕಲ್ಲ.

ವಾಡಿಯಂತೂ ರೈಲು ಹೆತ್ತ ಊರು. ಮುಂಬಯಿ ಕಡೆಯ ಜಿಐಪಿ ಕಂಪನಿಯ ರೈಲುಮಾರ್ಗ ರಾಯಚೂರು ಮುಟ್ಟಿದ ಮೇಲೆ, ತನ್ನ ರಾಜಧಾನಿಗೂ ರೈಲು ಬೇಕೆಂದು ಹೈದರಾಬಾದ್ ಸಂಸ್ಥಾನ ವಾಡಿಯಿಂದ ಸಿಕಂದರಾಬಾದಿಗೆ ಹಾದಿ ಹಾಕಿಸಿತು. ಅದು ಸಂಚಾರಕ್ಕೆ ತೆರೆದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸ್ಟೇಷನ್ನುಗಳು ಇರುವುದು ಆ ಹಾದಿಯ ಮೇಲೆಯೇ. ಗ್ಯಾಂಗ್‌ಮನ್ನರ ಕೈದೀಪ, ರಟ್ಟಿನ ಟಿಕೀಟು, ಒಂಟಿ ಹಳಿಯ ಕಾಲದಲ್ಲಿ ಡ್ರೈವರನ ಕೈಗೆ ಕೊಡುತ್ತಿದ್ದ ಗೋಲಾ, ಇವು ಯಾರ ಮನೆಯ ಅಟ್ಟದ ಮೇಲಿವೆಯೋ! ನಿವೃತ್ತ ರೈಲ್ವೆ ನೌಕರರ ಮನೆಗಳಲ್ಲಿ ಒಮ್ಮೆ ವಿಚಾರಿಸಿದರೆ ವಾಡಿಯ ಒಂದು ಕೋಣೆ ತುಂಬುವಷ್ಟು ಸಾಮಾನು ಸಿಕ್ಕೀತು.

ಕೆಲವು ವಸ್ತುಗಳನ್ನಂತೂ ಯಾವ ಕೋಣೆಗೂ ತರಲಾಗುವುದಿಲ್ಲ. ಹಗೇವು ನೋಡಿ. ಜ್ವಾಳದ ಸೀಮೆಯ ನಮ್ಮ ಹಿರಿಯರು ಸುಗ್ಗಿ ಮುಗಿದ ಮೇಲೆ ಕಾಳನ್ನು ನೆಲದೊಳಗಿನ ಈ ಗುಂಡಿಯಲ್ಲಿ ಇಡುತ್ತಿದ್ದರು. ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಗೋಡೆಗೆ, ನೆಲಕ್ಕೆ ಸೊಪ್ಪೆ, ಹೊಟ್ಟು ಕೊಟ್ಟು, ಕಾಳು ಸುರಿದು, ಬಾಯಿಗೆ ಕಲ್ಲುಹಲಗೆ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಮುಗಿಯಿತು. ಬರಗಾಲದ ವರ್ಷ ತೆಗೆಯುವ ಅನ್ನ ಅದು. ತೆಗೆಯುವ ದಿನ ಯಾರೂ ಅವಸರ ಮಾಡುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಸುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗೆ ಉಸಿರಿಲ್ಲ ಎಂದು ಅರ್ಥ. ಈ ಎಚ್ಚರ ಮರೆತು ಇಳಿದು ಜೀವ ಬಿಟ್ಟವರಿದ್ದಾರೆ. ಮನೆ ಕಟ್ಟುವಾಗ ಈಗ ಹಗೇವುಗಳನ್ನು ಮಣ್ಣು ತುಂಬಿ ಮುಚ್ಚುತ್ತೇವೆ. ಸರಿ, ಮುಚ್ಚಲೇಬೇಕು. ಆದರೆ ಮುಚ್ಚುವ ಮೊದಲು ಅದರ ಆಳ ಎಷ್ಟು, ಎಷ್ಟು ಚೀಲ ಹಿಡಿಯುತ್ತಿತ್ತು, ಕಡೆಯ ಬಾರಿ ಯಾವ ಬರಗಾಲದಲ್ಲಿ ತೆಗೆದರು ಎಂದು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡರೆ, ಆ ಒಂದು ಹಾಳೆಯೇ ಮ್ಯೂಸಿಯಮ್ಮಿನ ವಸ್ತು. ಊರಿಗೊಂದು ಹಗೇವನ್ನಾದರೂ ಜಾಲರಿ ಹಾಕಿ ಉಳಿಸಿಕೊಂಡರೆ ಇನ್ನೂ ಒಳಿತು.

ಚಿಂಚೋಳಿ ತಾಲ್ಲೂಕಿಗೆ ಬಂದರೆ ನೆಲದ ಚಿತ್ರ ಬದಲಾಗುತ್ತದೆ. ಇಲ್ಲಿ ಅಡವಿಯಿದೆ, ಚಂದ್ರಂಪಳ್ಳಿಯ ಕೆರೆಯಿದೆ, ತಾಂಡಾಗಳಿವೆ. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಅಡವಿ ವನ್ಯಜೀವಿ ಧಾಮವಾಯಿತು. ಒಣಭೂಮಿಯ ಧಾಮ ದಕ್ಷಿಣ ಭಾರತದಲ್ಲಿ ಇದೇ ಮೊದಲು ಎನ್ನುತ್ತಾರೆ. ಚಂದಾಪುರದ ಸಂತೆಯಲ್ಲಿ ನಿಂತರೆ ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ, ಒಮ್ಮೊಮ್ಮೆ ಮರಾಠಿ, ಇಷ್ಟೂ ಒಂದೇ ತಕ್ಕಡಿಯ ಸುತ್ತ ಕೇಳಿಸುತ್ತವೆ. ಲಂಬಾಣಿ ಅಜ್ಜಿಯರ ಫೇಟಿಯಾ, ಕಾಂಚಳಿ, ಕನ್ನಡಿ ಕೂಡಿಸಿದ ಕಸೂತಿ ಈಗ ಮದುವೆ, ತೀಜ್ ಹಬ್ಬಕ್ಕೆ ಮಾತ್ರ ಹೊರಬರುತ್ತವೆ. ಅಜ್ಜಿ ಹೋದ ಮೇಲೆ ಅವಳ ಬೆಳ್ಳಿಯ ಒಡವೆ ಕರಗುತ್ತದೆ, ಬಟ್ಟೆಯನ್ನು ದೂರದ ಊರಿನ ವ್ಯಾಪಾರಿ ಬಂದು ತೂಕದ ಮೇಲೆ ಒಯ್ಯುತ್ತಾನೆ. ಅದನ್ನು ಶಹರದ ಅಂಗಡಿಯಲ್ಲಿ ಕತ್ತರಿಸಿ ಚೀಲ ಹೊಲಿದು ಹತ್ತು ಪಟ್ಟಿಗೆ ಮಾರುತ್ತಾರೆ. ಯಾವ ಹೊಲಿಗೆಗೆ ಏನು ಹೆಸರು, ಯಾವ ಹಾಡಿನ ಜೊತೆ ಯಾವ ಹಬ್ಬ, ತಾಂಡಾದ ಹೆಣ್ಣುಮಕ್ಕಳೇ ಕೂತು ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದಿಡುವುದಕ್ಕೆ ಇದೇ ಕಾಲ.

ಇನ್ನೊಂದು ಆಸ್ತಿ ಗಂಟು ಕಟ್ಟಿ ಮೂಲೆಯಲ್ಲಿದೆ: ಕಾಗದ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ಪ್ರಜೆಗಳು. ಕಚೇರಿಯ ಬರಹ ಉರ್ದು. ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಶಾನುಭೋಗರ ಮನೆಗಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ದಫ್ತರಗಳು ಇನ್ನೂ ಇವೆ. ಅಳತೆಯ ಲೆಕ್ಕ, ಲಗಾನಿನ ರಸೀದಿ, ನಿಜಾಮರ ಮುದ್ರೆ ಬಿದ್ದ ಸ್ಟಾಂಪು ಕಾಗದ, ಹಾಲಿ ಸಿಕ್ಕಾ ರೂಪಾಯಿಯಲ್ಲಿ ಬರೆದ ಸಾಲಪತ್ರ. ಏಳು ಹಾಲಿ ರೂಪಾಯಿಗೆ ಇಂಗ್ರೇಜಿ ರೂಪಾಯಿ ಆರು ಎಂಬ ಲೆಕ್ಕ ಹಳಬರಿಗೆ ನೆನಪಿರುತ್ತದೆ. ಕಾಗದ ಇಟ್ಟುಕೊಂಡವರಿಗೆ ಉರ್ದು ಬರುವುದಿಲ್ಲ, ಉರ್ದು ಬಲ್ಲ ಮೌಲವಿಗೆ ಆ ಮನೆಯ ಪರಿಚಯವಿಲ್ಲ. ಇಬ್ಬರನ್ನೂ ಒಂದು ಮಧ್ಯಾಹ್ನ ಚಹಾಕ್ಕೆ ಕೂರಿಸಿದರೆ ಒಂದು ಊರಿನ ನೂರು ವರ್ಷದ ಕಥೆ ಹೊರಬರುತ್ತದೆ. 1956ರಲ್ಲಿ ರಾಜ್ಯಗಳು ಬದಲಾದಾಗ ನಮ್ಮ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನೆಂಟಸ್ತನ ಗಡಿಯ ಆಚೆ ಈಚೆ ಹಾಗೇ ಉಳಿಯಿತು. ಈ ಒಡೆದ ಮನೆಗಳ ನೆನಪು ಯಾವ ಸರ್ಕಾರಿ ಕಡತದಲ್ಲೂ ಬರುವಂಥದಲ್ಲ.

ಕಟ್ಟಡವಿಲ್ಲದ ಮ್ಯೂಸಿಯಂ ಸಾಧ್ಯವೇ ಎಂದು ನೀವು ಕೇಳಬಹುದು. ಫ್ರಾನ್ಸಿನಲ್ಲಿ ಲ ಕ್ರೂಜೊ ಎಂಬ ಊರಿದೆ, ಕಬ್ಬಿಣದ ಕಾರ್ಖಾನೆಯ ಊರು. ನಮ್ಮ ಶಹಾಬಾದ್ ಇದ್ದಂತೆ. 1970ರ ದಶಕದಲ್ಲಿ ಅಲ್ಲಿಯವರು ಇಡೀ ಊರು ಮತ್ತು ಸುತ್ತಲ ಹಳ್ಳಿಗಳನ್ನೇ ಮ್ಯೂಸಿಯಂ ಎಂದು ಕರೆದರು. ವಸ್ತುಗಳು ಮನೆ, ಗಣಿ, ಕಾಲುವೆಗಳಲ್ಲಿ ಇದ್ದಲ್ಲೇ ಇರಬೇಕು, ದಾಖಲೆ ಮಾತ್ರ ಒಂದು ಕಡೆ ಕೂಡಬೇಕು, ಅಲ್ಲಿನ ಜನರೇ ಅದರ ಯಜಮಾನರು. ಜಗತ್ತಿನ ಬೇರೆ ಬೇರೆ ಕಡೆ ಈ ದಾರಿ ಹಿಡಿದ ಊರುಗಳಿವೆ. ನಾವು ಅದನ್ನು ಹಾಗೇ ನಕಲು ಮಾಡಬೇಕಿಲ್ಲ. ಸನ್ನತಿಯ ಕಾಳಿ, ಮಳಖೇಡದ ಬಸದಿ ನಮಗೆ ಈ ಪಾಠವನ್ನು ಮೊದಲೇ ಹೇಳಿವೆ.

ಕೆಲಸದ ಮಾತಿಗೆ ಬರುತ್ತೇನೆ. ಶಾಸನದ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು ಕಂಡರೆ ದಯವಿಟ್ಟು ಅದಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ. ಭಕ್ತಿಯಿಂದ ಬಳಿದ ಬಣ್ಣ ಅಕ್ಷರಗಳನ್ನು ತುಂಬಿಬಿಡುತ್ತದೆ. ಆಸಿಡ್ ಹಾಕಿ ತೊಳೆಯಬೇಡಿ, ಸುಣ್ಣಕಲ್ಲು ಕರಗುತ್ತದೆ. ಅಕ್ಷರ ಎದ್ದು ಕಾಣಲೆಂದು ಮೊಳೆಯಿಂದ ಕೆರೆಯುವುದಂತೂ ಬೇಡವೇ ಬೇಡ. ಫೋಟೋ ತೆಗೆಯುವುದಾದರೆ ನಡುಮಧ್ಯಾಹ್ನ ಬೇಡ. ಬೆಳಿಗ್ಗೆ ಇಲ್ಲವೆ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ತೆಗೆಯಿರಿ. ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಬರುತ್ತದೆ. ಕಲ್ಲಿನ ಪಕ್ಕ ಒಂದು ಪೆನ್ನು ಇಟ್ಟರೆ ಅಳತೆ ತಿಳಿಯುತ್ತದೆ. ಊರು, ಜಾಗ, ತೆಗೆದ ದಿನ, ಆ ಕಲ್ಲಿಗೆ ಊರವರು ಕರೆಯುವ ಹೆಸರು, ಇಷ್ಟನ್ನು ಫೋಟೋದ ಜೊತೆ ಬರೆದಿಡಿ.

ಜನ ಬಾಯಿ ಬಿಡದಿರುವುದಕ್ಕೆ ಒಂದು ಭಯವೂ ಕಾರಣ. ಹೊಲದಲ್ಲಿ ಶಾಸನ ಇದೆ ಎಂದು ಹೇಳಿದರೆ ಹೊಲವೇ ಹೋಗುತ್ತದೆ ಎಂಬ ಭಯ. ಹಾಗಿಲ್ಲ. ಒಂದು ಜಾಗವನ್ನು ಸಂರಕ್ಷಿತ ಎಂದು ಮಾಡಲು ಅಧಿಸೂಚನೆ ಹೊರಡಬೇಕು, ಆಕ್ಷೇಪಣೆ ಹೇಳಲು ಅವಧಿ ಕೊಡಬೇಕು. ಕಲ್ಲೊಂದು ಸಿಕ್ಕ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ. ಆದರೆ ನೆಲದಡಿ ಬಂಗಾರ, ಬೆಳ್ಳಿ ನಾಣ್ಯದಂಥ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಅದು ಕಾನೂನು. ಬಚ್ಚಿಟ್ಟರೆ ಶಿಕ್ಷೆಯಿದೆ. ನಿಧಿಯ ಆಸೆಗೆ ಅಮಾವಾಸ್ಯೆಯ ರಾತ್ರಿ ಪಾಳುಗುಡಿಯ ಲಿಂಗ ಕೀಳುವವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಲಿಂಗದ ಕೆಳಗೆ ಅವರಿಗೆ ಸಿಕ್ಕುವುದು ಮಣ್ಣು, ಊರಿಗೆ ಉಳಿಯುವುದು ಗುಂಡಿ. ಅಂಥವರನ್ನು ಕಂಡರೆ ಪೊಲೀಸರಿಗೆ ಹೇಳಿ.

ಕಲ್ಯಾಣ ಕರ್ನಾಟಕಕ್ಕೆಂದು ಅಭಿವೃದ್ಧಿ ಮಂಡಳಿಯ ಹಣ ಬರುತ್ತದೆ, ರಸ್ತೆ ಆಗುತ್ತದೆ, ಭವನ ಏಳುತ್ತದೆ. ನನ್ನ ಬೇಡಿಕೆ ಒಂದೇ. ತಾಲ್ಲೂಕಿಗೆ ಒಬ್ಬ ಮನುಷ್ಯನನ್ನು, ಒಬ್ಬನನ್ನೇ, ಸಂಬಳ ಕೊಟ್ಟು ನೇಮಿಸಿ. ಹಳಗನ್ನಡ ಲಿಪಿ ಓದಬಲ್ಲ, ಉರ್ದು ಬಲ್ಲವರ ಜೊತೆ ಕೂತು ಕೆಲಸ ಮಾಡಬಲ್ಲ, ತಾಂಡಾಗೂ ಮಠಕ್ಕೂ ದರ್ಗಾಕ್ಕೂ ಖಣಿಗೂ ಹೋಗಿ ಕೂರಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ. ಅವರಿಗೆ ಒಂದು ಕೋಣೆ, ಒಂದು ಕಂಪ್ಯೂಟರು, ಒಂದು ವಹಿ. 1058ರಲ್ಲಿ ನಾಗಾವಿಗೆ ಆರು ಜನರನ್ನು ಸಾಕುವ ಶಕ್ತಿಯಿತ್ತು; ಇವತ್ತಿನ ಸರ್ಕಾರಕ್ಕೆ ತಾಲ್ಲೂಕಿಗೊಬ್ಬರು ಭಾರವಾಗಲಾರರು.

ಅಲ್ಲಿಯವರೆಗೆ ಕಾಯುವುದು ಬೇಡ. ಚಂದಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಶಾಲಾ ಮಾಸ್ತರರಲ್ಲಿ, ಬಾಯಿಯವರಲ್ಲಿ ನನ್ನ ವಿನಂತಿ: ಈ ವರ್ಷ ಎಂಟನೆಯ, ಒಂಬತ್ತನೆಯ ತರಗತಿಯ ಪ್ರತಿ ಮಗುವೂ ತನ್ನ ಓಣಿಯ ಒಂದು ಹಳೆಯ ವಸ್ತುವಿನ ಬಗ್ಗೆ ಒಂದು ಪುಟ ಬರೆಯಲಿ. ಹಗೇವು, ಬೀಸುಕಲ್ಲು, ಕೂರಿಗೆ, ಅಗಸಿ ಬಾಗಿಲು, ಅಜ್ಜನ ರೈಲ್ವೆ ಪಾಸು, ಏನಾದರೂ ಸರಿ. ಕೊನೆಯಲ್ಲಿ ಹೇಳಿದವರ ಹೆಸರು, ವಯಸ್ಸು ಬರೆದು ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಲಿ. ಆ ಹಾಳೆಗಳನ್ನು ಹೊಲಿದು ಶಾಲೆಯ ಕಪಾಟಿನಲ್ಲಿ ಇಡಿ, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.